ಹಗಲು ಹೊತ್ತಿನ ನಕ್ಷತ್ರಪಾಠ

ಕಿರ್ ಎಂದು ಒಂದು ಸದ್ದು, ಆಮೇಲೆ ಒಂದು ಗಳಿಗೆ ಸುಮ್ಮನೆ, ಮತ್ತೆ ಕಿರ್. ನಮ್ಮ ಜೇಜಿಯ ರಾಟೆ ಸುತ್ತಿಗೊಮ್ಮೆ ಅದೇ ಜಾಗದಲ್ಲಿ ಹಾಗೆ ಕಿರುಗುಟ್ಟುತ್ತಿತ್ತು. ಜೇಜಿ ಎಂದರೆ ಅಪ್ಪನ ತಾಯಿ. ಮೊಳಕಾಲ್ಮುರಿನ ನಮ್ಮ ನೇಕಾರರ ಬೀದಿಯಲ್ಲಿ ಮನೆಯೊಳಗೆ ತೆಲುಗು, ಹೊಸ್ತಿಲಾಚೆ ಕನ್ನಡ. ಎರಡೂ ಕಲೆತು ಯಾವುದು ಯಾವುದೆಂದು ನಮಗೇ ತಿಳಿಯುತ್ತಿರಲಿಲ್ಲ. ಜೇಜಿ ಗೋಡೆಗೆ ಒರಗಿ, ಒಂದು ಕಾಲು ಚಾಚಿಕೊಂಡು, ಲಾಳಿಯೊಳಗೆ ಕೂರುವ ಸಣ್ಣ ಕಂಡಿಕೆಗಳಿಗೆ ರೇಷ್ಮೆ ಎಳೆ ಸುತ್ತುತ್ತಿದ್ದಳು. ಅಪ್ಪ ಒಂದು ತೊಟ್ಟು ಕಡ್ಲೆಎಣ್ಣೆ ಬಿಟ್ಟರೆ ರಾಟೆ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿದ್ದು ಮತ್ತೆ ಶುರು ಮಾಡುತ್ತಿತ್ತು. ಆ ಸದ್ದಿನ ಮೇಲೆ ದನಿ ಏರಿಸಿ ನಾನು ನಕ್ಷತ್ರಗಳ ಪಾಠ ಓದುತ್ತಿದ್ದೆ. ಬೆಳಗ್ಗೆ ಊಟವಾದ ಮೇಲಿಂದ ಸಂಜೆ ಬಿಸಿಲು ಇಳಿಯುವವರೆಗೆ, ಹೊರಗೆ ಕಾಗೆಯೂ ಹಾರದ ಹೊತ್ತಿನಲ್ಲಿ, ಸೂರ್ಯನಿಗಿಂತ ನೂರು ಪಟ್ಟು ದೊಡ್ಡ ಕೆಂಪು ನಕ್ಷತ್ರಗಳ ವಿಷಯ ನಮ್ಮ ಪಡಸಾಲೆಯಲ್ಲಿ ನಡೆಯುತ್ತಿತ್ತು. ಫ್ರಾಂಕ್ಲಿ, ಆ ಬೇಸಿಗೆಯಲ್ಲಿ ನಾವು ಒಂದು ದಿನವಾದರೂ ತಲೆಯೆತ್ತಿ ಆಕಾಶ ನೋಡಿದ ನೆನಪು ನನಗಿಲ್ಲ. ಸಂಜೆಯಾಗುವ ಹೊತ್ತಿಗೆ ಮಗ್ಗದಲ್ಲಿ ಕೂತವರ ಕತ್ತು ಬಗ್ಗಿದ್ದು ಮೇಲಕ್ಕೆ ಏಳುತ್ತಿರಲಿಲ್ಲ.

ನನಗೆ ಆಗ ಹನ್ನೊಂದು. ಬಳ್ಳಾರಿಯ ಕಾನ್ವೆಂಟ್ ಬೋರ್ಡಿಂಗಿನಲ್ಲಿದ್ದು ಬೇಸಿಗೆ ರಜೆಗೆ ಮನೆಗೆ ಬಂದಿದ್ದೆ. ನನ್ನನ್ನು ಅಲ್ಲಿಗೆ ಸೇರಿಸಬೇಕೆಂದು ಹಟ ಹಿಡಿದವಳು ರುಕ್ಕತ್ತೆ, ಅಪ್ಪನ ತಂಗಿ. ಧರ್ಮಾವರಕ್ಕೆ ಮದುವೆಯಾಗಿ ಹೋಗಿದ್ದ ಅತ್ತೆ ಎರಡು ವರ್ಷಕ್ಕೆ ಒಂದು ಟ್ರಂಕು ಹಿಡಿದುಕೊಂಡು ತಿರುಗಿ ಬಂದಿದ್ದಳು. ಏಕೆ ಬಂದಳೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ಬಂದ ಮಾರನೆಯ ದಿನವೇ ಮಗ್ಗದ ಕುಣಿಗೆ ಇಳಿದಳಂತೆ. ನಮ್ಮ ಮನೆ ಎಂದರೆ ಮುಂದೆ ಒಂದು ಉದ್ದನೆಯ ಪಡಸಾಲೆ, ಹಿಂದೆ ಅಡುಗೆಮನೆ, ಮೇಲೆ ಮಣ್ಣಿನ ಮಾಳಿಗೆ, ಅಷ್ಟೇ. ಪಡಸಾಲೆಯ ನೆಲ ಅಗೆದು ಎರಡು ಮಗ್ಗ ಇಳಿಸಿದ್ದರು. ಬಾಗಿಲ ಪಕ್ಕದ್ದು ಅಪ್ಪನದು. ಬೆಳಕಿಂಡಿಯ ಕೆಳಗಿನ ದೊಡ್ಡದರಲ್ಲಿ ಅವ್ವ ಮತ್ತು ಅತ್ತೆ ಒಟ್ಟಿಗೆ ಕೂರುತ್ತಿದ್ದರು. ಒಡಲಿಗೊಂದು ಬಣ್ಣ, ಎರಡು ಅಂಚಿಗೂ ಬೇರೆ ಬಣ್ಣ ಇರುವ ಸೀರೆಗೆ ಮೂರು ಲಾಳಿ ಬೇಕು, ಇಬ್ಬರ ಕೈ ಬೇಕು. ಅವ್ವ ಎಸೆದ ಲಾಳಿಯನ್ನು ಅತ್ತೆ ಹಿಡಿದು, ಬಲ ಅಂಚಿನ ಎಳೆಗೆ ಕೊಂಡಿ ಹಾಕಿ, ಹಿಂದಕ್ಕೆ ಕಳಿಸಬೇಕು. ಒಬ್ಬರ ಉಸಿರು ತಪ್ಪಿದರೂ ಅಂಚು ಸೊಟ್ಟ. ನಾನು ನೋಡಿದಂತೆ ಅವರಿಬ್ಬರು ಮಗ್ಗದಲ್ಲಿ ಮಾತಾಡಿಕೊಂಡು ಕೆಲಸ ಮಾಡಿದ್ದೇ ಇಲ್ಲ. ಮಾತಿಲ್ಲದೆ ನಡೆಯುತ್ತಿತ್ತು.

ಮದುವೆಗೆ ಮುಂಚೆ ಅತ್ತೆ ಚಿತ್ರದುರ್ಗದಲ್ಲಿ ಸಂಬಂಧಿಕರ ಮನೆಯಲ್ಲಿದ್ದು ಕಾಲೇಜಿಗೆ ಹೋಗಿದ್ದಳು. ಡಿಗ್ರಿ ಅರ್ಧಕ್ಕೆ ನಿಂತಿತ್ತು. ತಿರುಗಿ ಬಂದ ಮೇಲೆ ಅಂಚೆಯಲ್ಲಿ ಪಾಠ ತರಿಸಿಕೊಂಡು ಒಂದೊಂದಾಗಿ ಪೇಪರುಗಳನ್ನು ಮುಗಿಸುತ್ತ ಬಂದಿದ್ದಳು. ಉಳಿದಿದ್ದು ಒಂದೇ ಪೇಪರು. ಲ್ಯಾಬೊರೇಟರಿ ಬೇಡದ ವಿಷಯ ಯಾವುದೆಂದು ಪಟ್ಟಿಯಲ್ಲಿ ನೋಡಿ ಅಸ್ಟ್ರಾನಮಿ ಎಂದು ಟಿಕ್ ಮಾಡಿದ್ದಳು, ಬೇರೆ ಯಾವ ರೊಮ್ಯಾಂಟಿಕ್ ಕಾರಣವೂ ಇರಲಿಲ್ಲ. ರಾಂಪುರದ ಒಂದು ಹೈಸ್ಕೂಲಿನ ಹೆಡ್‌ಮಾಸ್ಟರು ನಮ್ಮಲ್ಲಿ ಮಗಳ ಮದುವೆ ಸೀರೆ ನೇಯಿಸಲು ಬಂದಾಗ, ಹೆಣ್ಣುಮಕ್ಕಳಿಗೆ ಲೆಕ್ಕ ಹೇಳಿಕೊಡಲು ಡಿಗ್ರಿ ಆದ ಒಬ್ಬ ಹೆಂಗಸು ಬೇಕೆಂದೂ, ಈ ವರ್ಷದ ರಿಸಲ್ಟಿನವರೆಗೆ ಜಾಗ ಖಾಲಿ ಇಡುತ್ತೇನೆ, ಆಮೇಲೆ ಆಗುವುದಿಲ್ಲವೆಂದೂ ಅಪ್ಪನಿಗೆ ಹೇಳಿ ಹೋಗಿದ್ದರು. ಹೀಗಾಗಿ ಅತ್ತೆಯ ಮುಂದಿನ ಬದುಕು ಆ ಒಂದು ಪೇಪರಿನ ಮೇಲೆ ನಿಂತಿತ್ತು. ಜೇಜಿಗೆ ಮಾತ್ರ ಇದರಲ್ಲಿ ಅರ್ಥ ಕಾಣುತ್ತಿರಲಿಲ್ಲ.

"ಚುಕ್ಕೆ ಎಣಿಸೋಕೆ ಪರೀಕ್ಷೆನೇನೇ ರುಕ್ಕೂ? ಎಷ್ಟೈತೆ ಅಂತ ಬರೆದ್ರೆ ಪಾಸ್ ಮಾಡ್ತಾರೆ?"

"ಎಣಿಸೋದಲ್ಲಮ್ಮಾ. ಅವು ಎಷ್ಟು ಬಿಸಿ, ಎಷ್ಟು ದೂರ, ಯಾವಾಗ ಸಾಯ್ತಾವೆ, ಎಲ್ಲಾ ಐತೆ."

"ಸಾಯೋದು ಕೂಡ ಐತಾ. ಅಂಗಾದ್ರೆ ಮೈಲಿಗೆ ಯಾರಿಗೆ?"

ಅಪ್ಪ ತನ್ನ ಕುಣಿಯಲ್ಲೇ ಕೂತು ನಕ್ಕು, ನಕ್ಕ ರಭಸಕ್ಕೆ ಒಂದು ಎಳೆ ಕಡಿದುಕೊಂಡು ಬೈಸಿಕೊಂಡ.

ಅತ್ತೆಗೆ ಇಂಗ್ಲಿಷ್ ನಿಧಾನವಾಗಿ ಓದಲು ಬರುತ್ತಿತ್ತು. ಆದರೆ ಕಣ್ಣು ಎಳೆಯ ಮೇಲಿದ್ದಾಗ ಹಾಳೆಯ ಮೇಲಿಡುವುದು ಹೇಗೆ? ಅದಕ್ಕೇ ನಾನು. ಮಗ್ಗದ ಕಂಬಕ್ಕೆ ಬೆನ್ನು ಕೊಟ್ಟು ಕೂತು ಪಾಠದ ಹಾಳೆಯನ್ನು ಮನಸ್ಸಿನಲ್ಲೇ ಓದಿ, ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳುತ್ತಿದ್ದೆ. ಅತ್ತೆ ಲಾಳಿ ಹಿಡಿದುಕೊಂಡೇ ಕೇಳಿ, ಮಧ್ಯಾಹ್ನ ಊಟಕ್ಕೆ ಎದ್ದಾಗ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಕಾಲೇಜಿನ ಪಾಠವನ್ನು ಹನ್ನೊಂದರ ಹುಡುಗಿ ಹೇಳುವುದೆಂದರೇನು! ಜಂಬದಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಫಿಲೋಮಿನಾ ನಮ್ಮ ಪ್ರನನ್ಸಿಯೇಷನ್ ತಿದ್ದುತ್ತಿದ್ದಂತೆ ನಾನು ಅತ್ತೆಯನ್ನು ತಿದ್ದುತ್ತಿದ್ದೆ. ಗೊತ್ತಿಲ್ಲದ ಶಬ್ದ ಬಂದರೆ ಗೊತ್ತಿಲ್ಲ ಎನ್ನುವ ಅಭ್ಯಾಸ ಮಾತ್ರ ನನಗಿರಲಿಲ್ಲ. ಅಂಥದ್ದು ಬಂದಾಗ ಒಮ್ಮೆ ಕೆಮ್ಮಿ, ದಾಟಿ ಮುಂದೆ ಹೋಗುತ್ತಿದ್ದೆ. ನಾನೊಬ್ಬ ಅಸಾಧ್ಯ ಶೋ-ಆಫ್ ಆಗಿದ್ದೆ ಎಂದು ಈಗ ಒಪ್ಪಿಕೊಳ್ಳಲು ಕಷ್ಟವಿಲ್ಲ.

ನಕ್ಷತ್ರಗಳ ದೂರ ಅಳೆಯುವ ಪಾಠ ಬಂದ ವಾರ ಅತ್ತೆ ಹೋಗುತ್ತ ಬರುತ್ತ ಬೆರಳೊಂದನ್ನು ಮೂಗಿನ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, ಹಿಂದಿನ ಕಂಬ ಎಷ್ಟು ಸರಿಯಿತೆಂದು ನೋಡುತ್ತಿದ್ದಳು. ಒಲೆಯ ಮುಂದೆಯೂ ಅದೇ, ಬಾವಿಯ ಹತ್ತಿರವೂ ಅದೇ. ಇವಳಿಗೇನಾಗಿದೆ ಎಂದು ಎದುರು ಮನೆಯವರು ಕೇಳಿದರಂತೆ. ಜೇಜಿ ಒಂದು ಶುಕ್ರವಾರ ಮಗ್ಗದ ಪೂಜೆಗೆ ಮುಂಚೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಅತ್ತೆಗೆ ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಮನೆ ತುಂಬ ಘಾಟು. ಎಲ್ಲರೂ ಕೆಮ್ಮುತ್ತಿರುವಾಗ ಅತ್ತೆ ಕಣ್ಣೀರು ಒರೆಸಿಕೊಂಡು ನನ್ನನ್ನು ಕೇಳಿದಳು:

"ಶಾರೀ, ಎರಡು ಕಣ್ಣಿನ ನಡುವೆ ಇಷ್ಟೇ ಅಂತರ. ಅಷ್ಟು ದೂರದ್ದಕ್ಕೆ ಸಾಲದಲ್ಲ?"

"ಭೂಮಿ ಸೂರ್ಯನ ಈ ಕಡೆ ಇದ್ದಾಗ ಒಂದ್ಸಲ ನೋಡ್ಬೇಕು. ಆರು ತಿಂಗಳಾದ ಮೇಲೆ ಆ ಕಡೆಯಿಂದ ಇನ್ನೊಂದ್ಸಲ."

"ಆರು ತಿಂಗಳಿಗೆ ಒಂದು ಕಣ್ಣು ಮುಚ್ಚಿ ಇನ್ನೊಂದು ತೆಗೆಯೋದು," ಎಂದಳು ಅತ್ತೆ. "ತಾಳ್ಮೆ ಐತಪ್ಪಾ ಅವರಿಗೆ."

ಅವ್ವನ ಸಮಾಚಾರ ಬೇರೆ. ಅವ್ವ ಓದಿನ ವಿರುದ್ಧ ಒಂದು ಮಾತೂ ಆಡಿದವಳಲ್ಲ. ಮಧ್ಯಾಹ್ನ ಸಜ್ಜೆ ರೊಟ್ಟಿಗೆ ಶೇಂಗಾ ಚಟ್ನಿ ಹಾಕುವಾಗ ಅತ್ತೆಯ ತಟ್ಟೆಗೆ ಒಂದು ಚಮಚ ತುಪ್ಪ ಹೆಚ್ಚು ಬೀಳುತ್ತಿತ್ತು. ಓದುವವಳಿಗೆ ಎಂದು ಬೇರೆ ಹೇಳುತ್ತಿರಲಿಲ್ಲ. ಆದರೆ ಒಂದು ದಿನ ನಾನು ಯಾವುದೋ ಸತ್ತ ನಕ್ಷತ್ರದ ವಿಷಯ ಹೇಳುತ್ತಿದ್ದಾಗ ಅತ್ತೆ ಕೇಳುತ್ತ ಮೈಮರೆತು ಲಾಳಿ ಹಿಡಿಯಲಿಲ್ಲ. ಅದು ನೆಲಕ್ಕೆ ಬಿದ್ದು, ಕಂಡಿಕೆ ಬಿಚ್ಚಿಕೊಂಡು, ಕೆಂಪು ರೇಷ್ಮೆ ಕುಣಿಯ ತುಂಬ ಹರಡಿತು. ಅವ್ವ ಎದ್ದು ನಿಂತಳು.

"ಹೋಗೋಳು ಹೋಗು ರುಕ್ಕೂ. ಅರ್ಧ ಇಲ್ಲಿ ಅರ್ಧ ಅಲ್ಲಿ ಕೂರಬ್ಯಾಡ. ನೀ ಹೋದ್ಮೇಲೆ ನನ್ನ ಪಕ್ಕ ಯಾರು ಕೂರ್ತಾರೆ ಅಂತ ಒಂದು ದಿನಾನಾದ್ರೂ ಯೋಚ್ನೆ ಮಾಡೀಯಾ?"

"ಮಾಡೀನಿ ವದಿನಾ," ಎಂದಳು ಅತ್ತೆ. ಅಣ್ಣನ ಹೆಂಡತಿಯನ್ನು ಅವಳು ತೆಲುಗಿನಲ್ಲಿ ಹಾಗೇ ಕರೆಯುತ್ತಿದ್ದದ್ದು. "ದಿನಾ ಮಾಡ್ತೀನಿ."

"ಮಾಡಿ?"

"ಉತ್ತರ ಸಿಕ್ಕಿಲ್ಲ. ಆದ್ರೂ ಹೋಗ್ಬೇಕು ಅನ್ನಿಸ್ತೈತೆ."

ಅವ್ವ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ದಡಬಡ ಮಾಡಿದಳು. ಅತ್ತೆ ಕುಣಿಯೊಳಗೆ ಕೂತು ಎಳೆಗಳನ್ನು ಒಂದೊಂದಾಗಿ ಬಿಡಿಸಿದಳು. ಅರ್ಧ ಗಂಟೆಗೆ ಅವ್ವ ತಿರುಗಿ ಬಂದು ತನ್ನ ಜಾಗದಲ್ಲಿ ಇಳಿದು ಲಾಳಿ ಎಸೆದಳು. ಅತ್ತೆ ಹಿಡಿದಳು. ನಮ್ಮ ಮನೆಯ ಜಗಳಗಳು ಹೀಗೇ ಮುಗಿಯುತ್ತಿದ್ದವು, ಸಾರಿ ಎಂಬ ಪದವನ್ನು ನಾನು ಕಾನ್ವೆಂಟಿನಿಂದಲೇ ಮನೆಗೆ ತಂದದ್ದು.

ಇನ್ನು ನಾನು ಮಾಡಿದ ತಪ್ಪಿನ ವಿಷಯ. ಅದು ತಿಳಿಯಬೇಕಾದರೆ ನಮ್ಮ ನೇಯ್ಗೆಯ ಒಂದು ರೀತಿ ಹೇಳಬೇಕು. ಬುಟ್ಟಾ ಹಾಕುವ ಸೀರೆಯನ್ನು ನಮ್ಮ ಮನೆಯಲ್ಲಿ ಬೆನ್ನು ಮೇಲೆ ಮಾಡಿ ನೇಯುತ್ತಿದ್ದರು. ಸೀರೆಯ ಮುಖ ನೆಲದ ಕಡೆಗೆ. ನೇಯುವವರಿಗೆ ಕಾಣುವುದೆಲ್ಲ ತಿರುವುಮುರುವು: ಎಡಕ್ಕೆ ತಿರುಗಿದ ಗಿಳಿ ಉಟ್ಟವರ ಮೈಮೇಲೆ ಬಲಕ್ಕೆ ತಿರುಗಿರುತ್ತದೆ. ಬುಟ್ಟಾದ ಚಿತ್ರವನ್ನು ಗ್ರಾಫ್ ಹಾಳೆಯ ಮೇಲೆ ಬರೆಯುವುದು ಅತ್ತೆಯ ಕೆಲಸ. ಯಾವ ಹೂವು, ಯಾವ ಹಕ್ಕಿ ತೋರಿಸಿದರೂ ಅದರ ಬೆನ್ನು ಹೇಗಿರುತ್ತದೆಂದು ಅವಳ ಕಣ್ಣಿಗೆ ತಾನಾಗಿ ಕಾಣುತ್ತಿತ್ತು. ಬರೆದ ಹಾಳೆಯ ಮೂಲೆಯಲ್ಲಿ ಇದು ಮುಖವೋ ಬೆನ್ನೋ ಎಂದು ತಪ್ಪದೆ ಗುರುತು ಮಾಡುತ್ತಿದ್ದಳು. ಆ ಗುರುತು ಇಲ್ಲದ ಹಾಳೆಯನ್ನು ಅಪ್ಪ ಮುಟ್ಟುತ್ತಲೂ ಇರಲಿಲ್ಲ.

ನಕ್ಷತ್ರಗಳನ್ನೆಲ್ಲ ಒಂದೇ ಚಿತ್ರದಲ್ಲಿ ಕೂರಿಸುವ ಪಾಠವೊಂದು ಬಂತು. ಒಂದೊಂದು ನಕ್ಷತ್ರಕ್ಕೂ ಒಂದೊಂದು ಚುಕ್ಕೆ. ಮೇಲೆ ಹೋದಷ್ಟೂ ಹೊಳಪು ಹೆಚ್ಚು. ಅಡ್ಡಗೆರೆಯ ಮೇಲೆ ಶಾಖ. ಹೀಗೆ ಕೂರಿಸಿದರೆ ಬಹುಪಾಲು ಚುಕ್ಕೆಗಳು ಓರೆಯಾದ ಒಂದು ಪಟ್ಟಿಯಲ್ಲಿ ಬೀಳುತ್ತವೆ, ನಮ್ಮ ಸೂರ್ಯ ಕೂಡ. ಕಾಲೇಜಿನ ಅಸ್ಟ್ರಾನಮಿಗೆ ಇದು ಬೆನ್ನೆಲುಬಿನಂಥ ಚಿತ್ರ, ಪರೀಕ್ಷೆಯಲ್ಲಿ ಬಂದೇ ಬರುತ್ತದೆ ಎಂದು ಪಾಠದಲ್ಲೇ ಬರೆದಿತ್ತು. ಆದರೆ ಆ ಸೈಕ್ಲೋಸ್ಟೈಲ್ ಹಾಳೆಯಲ್ಲಿ ಇಂಕು ಹರಡಿ ಅಡ್ಡಗೆರೆಯ ಕೆಳಗಿನ ಅಂಕಿಗಳೆಲ್ಲ ಕಪ್ಪು ಕಲೆಯಾಗಿದ್ದವು. ಚುಕ್ಕೆಗಳು ಮಾತ್ರ ಸ್ಪಷ್ಟ, ಎಡಗಡೆ ಮೇಲಿನಿಂದ ಬಲಗಡೆ ಕೆಳಗೆ ಇಳಿದಿದ್ದವು. ಮುಂದಿನ ಹಾಳೆಯ ಮೊದಲಿಗೆ ಆ ಚಿತ್ರದ ಬಗ್ಗೆ ಒಂದು ವಾಕ್ಯವಿತ್ತು: ರೂಢಿಗೆ ವಿರುದ್ಧವಾಗಿ ಇಲ್ಲಿ ಶಾಖವು ಎಡಕ್ಕೆ ಹೋದಂತೆ ಹೆಚ್ಚುತ್ತದೆ. ಅದರ ಪ್ರತಿ ಶಬ್ದವೂ ನನಗೆ ಅರ್ಥವಾಗಿತ್ತು. ಆದರೆ ನಾನು ನಂಬಲಿಲ್ಲ. ಗ್ರಾಫಿನಲ್ಲಿ ಸಂಖ್ಯೆಗಳು ಬಲಕ್ಕೆ ಹೋದಂತೆ ಏರುತ್ತವೆ ಎಂದು ಸಿಸ್ಟರ್ ಫಿಲೋಮಿನಾ ಹೇಳಿಕೊಟ್ಟಿದ್ದರು, ತಪ್ಪಿದವರ ಗೆಣ್ಣಿಗೆ ಸ್ಕೇಲಿನಿಂದ ಕೊಟ್ಟೂ ಇದ್ದರು. ಪ್ರಿಂಟಿಂಗ್ ಮಿಸ್ಟೇಕ್ ಎಂದು ನಾನೇ ತೀರ್ಮಾನ ಮಾಡಿ ಆ ವಾಕ್ಯವನ್ನು ಹಾರಿಸಿದೆ.

"ಬಲಕ್ಕೆ ಹೋದಂಗೆ ಬಿಸಿ ಜಾಸ್ತಿ ಅತ್ತೆ," ಎಂದೆ.

ಅತ್ತೆ ಕುಣಿಯಿಂದ ಎದ್ದು ಬಂದು ಚಿತ್ರದ ಹಾಳೆಯೊಂದನ್ನೇ ಇಸಿದುಕೊಂಡಳು. ಬಹಳ ಹೊತ್ತು ನೋಡಿದಳು.

"ಅಂಗಾದ್ರೆ ಎಡಗಡೆ ಇರೋವು ತಣ್ಣಗಿರೋವು. ಅವು ಮೇಲೆ ಹೆಂಗೆ ಕೂತಾವೆ? ಈ ಪಟ್ಟಿಯೊಳಗೆ ಬಿಸಿ ಇದ್ದಷ್ಟೂ ಹೊಳಪು ಅಂತ ನೀನೇ ಈಗ ಹೇಳ್ದೆ."

ಹಾರಿಸಿದ ವಾಕ್ಯ ನನಗೆ ನೆನಪಾಯಿತು. ಆಗಲಾದರೂ ಬಾಯಿ ಬಿಡಬಹುದಿತ್ತು. ಅಷ್ಟರಲ್ಲಿ ಅತ್ತೆಯೇ ಉತ್ತರ ಕಂಡುಕೊಂಡಳು, ನೇಯುವವರಿಗೆ ಮಾತ್ರ ಹೊಳೆಯಬಹುದಾದ ಉತ್ತರ.

"ಇದು ಬೆನ್ನು ಮೇಲೆ ಬಿದ್ದೈತೆ ಕಣೇ. ಅಚ್ಚು ಹಾಕೋನು ಹಾಳೆ ತಿರುಗಿಸಿ ಹಾಕ್ಯಾನೆ."

ಅಕ್ಷರ ಒಂದೂ ಓದಲಾಗದ ಚಿತ್ರವಾದ್ದರಿಂದ ಅದು ಮುಖವೋ ಬೆನ್ನೋ ಹೇಳುವ ಸಾಕ್ಷಿ ಇರಲಿಲ್ಲ. ಅತ್ತೆ ಹಾಳೆಯನ್ನು ಮಗುಚಿ ಬೆಳಕಿಂಡಿಯ ಬಿಸಿಲಿಗೆ ಹಿಡಿದು, ಹಿಂಬದಿಯಿಂದ ಕಾಣುವ ಚುಕ್ಕೆಗಳನ್ನು ಗ್ರಾಫ್ ಹಾಳೆಗೆ ಇಳಿಸಿಕೊಂಡಳು. ಈಗ ಬಿಸಿಯಾದವು ಬಲಗಡೆ ಮೇಲೆ, ತಣ್ಣಗಿನವು ಎಡಗಡೆ ಕೆಳಗೆ. ಎಲ್ಲ ಸರಿಹೋಯಿತು. ಮೂಲೆಯಲ್ಲಿ 'ಮುಖ' ಎಂದು ಬರೆದಳು. ಅವ್ವ ಆಚೆ ತುದಿಯಿಂದ ಬಗ್ಗಿ ನೋಡಿ, ಸೆರಗಿಗೆ ಚೆನ್ನಾಗಿರ್ತೈತೆ ಎಂದಳು. ಅಡುಗೆಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಹಾಕಿದ ವಾಸನೆ ಬರುತ್ತಿತ್ತು. ನಾನು ಎದ್ದು ಅಲ್ಲಿಗೆ ಹೋದೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಸುಖವಾಗುತ್ತದೆ. ಕೊನೆಯ ಪಾಠಗಳು ಗ್ಯಾಲಕ್ಸಿಗಳದು. ನಾವು ಇರುವುದೂ ಅಂಥದೊಂದು ದೊಡ್ಡ ಗುಂಪಿನ ಒಳಗೆ, ಅದು ತಿರುಗುವ ತಟ್ಟೆಯಂತಿದೆ ಎಂದು ಓದಿದಾಗ ಅತ್ತೆಗೆ ಒಂದು ಅನುಮಾನ: ಒಳಗೆ ಕೂತವರಿಗೆ ಅದು ತಟ್ಟೆ ಅಂತ ಹೇಗೆ ಗೊತ್ತಾಯಿತು? ಮಗ್ಗದಲ್ಲಿ ಕೂತವರಿಗೆ ಒಂದು ಗೇಣು ಸೀರೆ ಕಾಣುತ್ತದೆ, ಉಳಿದದ್ದು ಸುತ್ತಿಕೊಂಡು ಹೋಗಿರುತ್ತದೆ. ಬೇರೆಯವು ದೂರದಲ್ಲಿ ಇವೆಯಲ್ಲ, ಅವನ್ನು ನೋಡಿ ಊಹೆ ಮಾಡುತ್ತಾರೆ ಎಂದು ನಾನು ಓದಿ ಹೇಳಿದೆ. ಈ ಸಲ ಒಂದು ವಾಕ್ಯವನ್ನೂ ಬಿಡಲಿಲ್ಲ. ಆ ದಿನ ಅವ್ವ ತಾನಾಗಿ ಬಾಯಿ ಹಾಕಿದಳು:

"ಪಕ್ಕದ ಮನೆ ಹೆಂಗೈತೆ ಅಂತ ನೋಡಿ ನಮ್ಮ ಮನೆ ಹೆಂಗಿರ್ತೈತೆ ಅಂತ ತಿಳ್ಕೊಳ್ಳೋದು. ಅದರಾಗೇನೈತೆ?"

ಅತ್ತೆ ಅದನ್ನು ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡಳು.

ಪರೀಕ್ಷೆ ಚಳ್ಳಕೆರೆಯಲ್ಲಿ. ದಿನ ನೋಡಿದರೆ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಪ್ರಯಾಣ ಹೊರಡಕೂಡದೆಂದು ಜೇಜಿ ರಾಟೆ ನಿಲ್ಲಿಸಿಯೇ ಕೂತಳು. ಬೇರೆ ದಿನ ಬರೆಯುತ್ತೇನೆಂದು ಕಾಗದ ಹಾಕು ಎಂದಳು. ಅಪ್ಪ ಯಾವ ಕಡೆಗೂ ಮಾತಾಡಲಾರದೆ ತಲೆ ಕೆರೆದುಕೊಂಡ. ಆಗ ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು:

"ಅಮಾಸಿ ದಿನ ನಮ್ಮ ಬೀದ್ಯಾಗೆ ಯಾರೂ ಮಗ್ಗ ಮುಟ್ಟಲ್ಲ. ಅವಳು ಹೆಂಗೂ ಖಾಲಿ. ಕೆಲಸ ಕೆಡಲ್ಲ, ಹೋಗಿ ಬರಲಿ ಬಿಡ್ರಿ ಅತ್ತೆ."

ಜೇಜಿ ಸೊಸೆಯ ಮುಖ ನೋಡಿ ರಾಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, ಒಬ್ಬಳೇ ಬ್ಯಾಡ, ಶಾರಿನೂ ಹೋಗ್ಲಿ ಎಂದಳು. ಅತ್ತೆ ಪಕ್ಕದಿಂದ ಎದ್ದು ಹೋಗುವುದು ಯಾರಿಗೆ ಎಲ್ಲರಿಗಿಂತ ಕಷ್ಟವಿತ್ತೋ ಅವಳೇ ಬಾಗಿಲು ತೆಗೆದಳು ಎಂಬುದು ನನಗೆ ಆಗ ತಿಳಿಯಲಿಲ್ಲ. ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟಿನ ಬಿಸಿ ಮಾತ್ರ ಬಸ್ಸಿನಲ್ಲಿ ತೊಡೆಯ ಮೇಲೆ ತಿಳಿಯುತ್ತಿತ್ತು. ಹಾನಗಲ್ಲು, ಬಿ.ಜಿ. ಕೆರೆ, ತಳಕು ದಾಟುವವರೆಗೂ ಅತ್ತೆ ಕಿಟಕಿಯ ಸರಳು ಹಿಡಿದು ತುಟಿ ಅಲ್ಲಾಡಿಸುತ್ತಿದ್ದಳು.

ಕಾಲೇಜಿನ ಅಂಗಳದಲ್ಲಿ ಒಂದು ಬೇವಿನ ಮರ. ಅಲ್ಲಿ ಕೂತಿರು ಎಂದು ಅತ್ತೆ ಒಳಗೆ ಹೋದಳು. ಅದೇ ಪೇಪರು ಬರೆಯಲು ಪರಶುರಾಂಪುರದ ಕಡೆಯಿಂದ ನಡುವಯಸ್ಸಿನ ಮೇಷ್ಟ್ರೊಬ್ಬರು ಬಂದಿದ್ದರು. ಕೈಯಲ್ಲಿ ದಪ್ಪ ರಟ್ಟಿನ ಇಂಗ್ಲಿಷ್ ಪುಸ್ತಕ. ಬೆಲ್ಲು ಹೊಡೆದಾಗ ಅದನ್ನು ನನ್ನ ಮಡಿಲಿಗೆ ಹಾಕಿದರು.

"ಪಾಪಾ, ಇದನ್ನ ಸ್ವಲ್ಪ ನೋಡ್ಕೋ. ಇಲ್ಲಿ ಆಡು ಜಾಸ್ತಿ. ಹೋದ್ಸಲ ನನ್ನ ಆಲ್ಜೀಬ್ರಾ ಅರ್ಧ ತಿಂದು ಹೋತು."

ಆಡುಗಳು ಬಂದವು, ಓಡಿಸಿದೆ. ಬೇಜಾರಾಗಿ ಪುಸ್ತಕ ತೆಗೆದೆ. ನುಣುಪಾದ ಹಾಳೆಗಳು, ಬಣ್ಣದ ಚಿತ್ರಗಳು. ನಡುವೆ ಒಂದು ಕಡೆ ನಮ್ಮ ಚಿತ್ರ, ಇಡೀ ಹಾಳೆಯ ತುಂಬ. ಎಡಗಡೆಯ ಚುಕ್ಕೆಗಳು ನೀಲಿ, ಬಲಕ್ಕೆ ಬಂದಂತೆ ಹಳದಿ, ಕೊನೆಗೆ ಕೆಂಪು. ಅಂಕಿಗಳು ಕನ್ನಡಿಯಷ್ಟು ಸ್ಪಷ್ಟ: ಎಡಗಡೆ ಎಲ್ಲಕ್ಕಿಂತ ಬಿಸಿ, ಬಲಗಡೆ ಎಲ್ಲಕ್ಕಿಂತ ತಂಪು. ನಾನು ಹಾರಿಸಿದ ವಾಕ್ಯ ಇಲ್ಲಿಯೂ ಇತ್ತು, ಸ್ವಲ್ಪ ಬೇರೆ ಮಾತಿನಲ್ಲಿ. ಎರಡು ಪುಸ್ತಕದಲ್ಲಿ ಒಂದೇ ಪ್ರಿಂಟಿಂಗ್ ಮಿಸ್ಟೇಕ್ ಆಗುವುದಿಲ್ಲ. ಎದ್ದು ಪರೀಕ್ಷೆಯ ಕೋಣೆಯ ಕಿಟಕಿಯ ಹತ್ತಿರ ಹೋದೆ. ಅತ್ತೆ ಮೂರನೆಯ ಸಾಲಿನಲ್ಲಿ ಬಗ್ಗಿ, ಸ್ಕೇಲ್ ಇಟ್ಟು ಗೆರೆ ಎಳೆಯುತ್ತಿದ್ದಳು. ಅತ್ತೆ ಎಂದು ನಾನು ಕೂಗುವಷ್ಟರಲ್ಲಿ ಅಟೆಂಡರು ಬಂದು, ಏಯ್ ಹುಡ್ಗಿ, ಹೋಗಾಚೆ, ಎಂದು ಓಡಿಸಿದ. ಬೇವಿನ ಮರದ ಬುಡದಲ್ಲಿ ಉಳಿದ ಹೊತ್ತನ್ನು ಹೇಗೆ ಕಳೆದೆನೋ. ಕಾನ್ವೆಂಟಿನಲ್ಲಿ ಕಲಿತ ಪ್ರೇಯರ್ ಎಲ್ಲ ಹೇಳಿದೆ. ಅದು ಮುಗಿದ ಮೇಲೆ ಮನೆಯ ದೇವರಿಗೂ ಹೇಳಿಕೊಂಡೆ. ರಾಂಪುರದ ಆ ಖಾಲಿ ಕುರ್ಚಿ ಕಣ್ಣಿಗೆ ಕಟ್ಟುತ್ತಿತ್ತು, ನಾನು ಒಮ್ಮೆಯೂ ನೋಡಿರದ ಕುರ್ಚಿ.

ಅತ್ತೆ ಹೊರಗೆ ಬಂದಾಗ ಮುಖ ಅರಳಿತ್ತು. ಮೇಷ್ಟ್ರು ಪುಸ್ತಕ ಇಸಿದುಕೊಂಡು ಬಸ್ಸಿಗೆ ಓಡಿದರು. ಅತ್ತೆ ರೊಟ್ಟಿಯ ಗಂಟು ಬಿಚ್ಚಿದಳು.

"ಬಂದಿತ್ತು ಕಣೇ ಆ ಚಿತ್ರ. ಮೊದಲ್ನೇ ಪ್ರಶ್ನೆನೇ ಅದು."

ನಾನು ಅಳುತ್ತ ಎಲ್ಲ ಹೇಳಿದೆ. ವಾಕ್ಯ ಇತ್ತು, ಅರ್ಥವಾಗಿತ್ತು, ನಾನೇ ಬಿಟ್ಟೆ, ಈಗ ಪುಸ್ತಕದಲ್ಲಿ ನೋಡಿದೆ. ಅತ್ತೆಯ ಕೈ ರೊಟ್ಟಿಯ ಮೇಲೆ ನಿಂತಿತು. ಅವಳು ಬೈಯಲಿಲ್ಲ.

"ನನ್ನ ಕಣ್ಣು ಎಳೆ ಮೇಲಿತ್ತು ಶಾರೀ. ನಿನ್ನ ಕಣ್ಣನ್ನ ನನ್ನ ಕಣ್ಣು ಅಂದ್ಕೊಂಡಿದ್ದೆ."

ಸ್ಕೇಲಿನ ಏಟುಗಳೆಲ್ಲ ಸೇರಿದರೂ ಈ ಮಾತಿನಷ್ಟು ನೋಯಿಸಲಾರವು. ಅತ್ತೆ ಕಾಲೇಜಿನ ಬಾಗಿಲ ಕಡೆ ನೋಡಿದಳು. ಅವಳ ತುಟಿ ನಗುವಿಗೆ ಓರೆಯಾಯಿತು.

"ಮೂಲೆಯಾಗೆ ಬರ್ದೀನಿ ಬಿಡು."

"ಏನಂತ?"

"ಅಭ್ಯಾಸ ಅಲ್ವೇ, ಕೈ ತಾನೇ ಬರೀತು. ಫೇಸ್ ಸೈಡ್. ಲೆಸನ್ ಶೀಟ್ ಫಿಗರ್ ಈಸ್ ಬ್ಯಾಕ್ ಸೈಡ್. ಕೈಂಡ್ಲಿ ಸೀ ಫ್ರಮ್ ಬಿಹೈಂಡ್ ಅಂತ. ಹಿಂದ್ಗಡೆ ಏನೂ ಬರೆಯದೆ ಖಾಲಿ ಬಿಟ್ಟೀನಿ, ಬೆಳಕಿಗೆ ಹಿಡಿದ್ರೆ ಕಾಣ್ತೈತೆ. ಹಾಳೆ ತೆಳ್ಳಗೈತೆ, ಪುಣ್ಯ."

ನಾನು ಅಳುತ್ತಲೇ ನಕ್ಕೆ. ಅತ್ತೆ ರೊಟ್ಟಿ ಮುರಿದು ನನ್ನ ಕೈಗಿಟ್ಟಳು. ಆ ಉತ್ತರವನ್ನು ತಿದ್ದಿದವರು ಯಾರೋ, ಎಲ್ಲಿಯವರೋ ನಮಗೆ ಗೊತ್ತಾಗಲಿಲ್ಲ. ಹಾಳೆಯನ್ನು ಕಿಟಕಿಗೆ ಹಿಡಿದು ಹಿಂದಿನಿಂದ ನೋಡಿದರೋ, ಇಲ್ಲ ಬಿಸಿಯವು ಮೇಲೆ, ತಣ್ಣಗಿನವು ಕೆಳಗೆ ಸರಿಯಾಗೇ ಇವೆಯಲ್ಲ ಎಂದು ಸುಮ್ಮನಾದರೋ. ನಾನು ಕಾನ್ವೆಂಟಿಗೆ ಹಿಂತಿರುಗಿ ಒಂದು ತಿಂಗಳು ಆಗಿರಬಹುದು, ಮದರ್ ಸುಪೀರಿಯರ್ ಓದಿ ಹುಬ್ಬೇರಿಸಿ ಕೊಟ್ಟ ಪೋಸ್ಟ್ ಕಾರ್ಡಿನಲ್ಲಿ ಅತ್ತೆಯ ಗುಂಡನೆಯ ಇಂಗ್ಲಿಷ್ ಅಕ್ಷರದಲ್ಲಿ ಎರಡೇ ಸಾಲು ಇತ್ತು. ಪಾಸಾಗಿದ್ದೇನೆ. ಇನ್ನು ಮೇಲೆ ಎಲ್ಲ ಸಾಲೂ ಓದು. ಎರಡನೆಯ ಸಾಲಿನ ಅರ್ಥವೇನೆಂದು ಮದರ್ ಕೇಳಿದರು. ಐ ವಾಸ್ ಅ ಬ್ಯಾಡ್ ಗರ್ಲ್, ಮದರ್, ಎಂದೆ. ಅವರಿಗೆ ಅಷ್ಟಕ್ಕೇ ಸಮಾಧಾನವಾಯಿತು.

ದಸರಾ ರಜೆಗೆ ಮನೆಗೆ ಬಂದಾಗ ದೊಡ್ಡ ಮಗ್ಗದಲ್ಲಿ ಅವ್ವನ ಪಕ್ಕ ಅಪ್ಪ ಕೂತಿದ್ದ. ಬಾಗಿಲ ಹತ್ತಿರದ ಮಗ್ಗ ಖಾಲಿ. ಅಪ್ಪನಿಗೆ ಅವ್ವನ ಕೈಯ ವೇಗ ಸಿಗುತ್ತಿರಲಿಲ್ಲ, ಅವ್ವ ಅವನನ್ನು ದಿನವಿಡೀ ಗದರುತ್ತಿದ್ದಳು. ಮಾತಿಲ್ಲದೆ ನಡೆಯುತ್ತಿದ್ದ ಮಗ್ಗ ಈಗ ಮಾತಿನಲ್ಲೇ ನಡೆಯುತ್ತಿತ್ತು. ಸಂಜೆ ರಾಂಪುರದ ಬಸ್ಸು ಬರುವ ಹೊತ್ತಿಗೆ ಅವ್ವ ಲಾಳಿ ಕೆಳಗಿಟ್ಟು ಕಾಫಿಗೆ ನೀರಿಡುತ್ತಿದ್ದಳು. ಅತ್ತೆ ಸೀಮೆಸುಣ್ಣದ ಕೈಯಲ್ಲೇ ಬಂದು ಒಲೆಯ ಮುಂದೆ ಕೂರುತ್ತಿದ್ದಳು. ಇಬ್ಬರೂ ಒಂದೊಂದು ಲೋಟ ಕುಡಿದು ಏಳುವವರೆಗೆ ಒಳಗಿನಿಂದ ಒಂದು ಶಬ್ದವೂ ಬರುತ್ತಿರಲಿಲ್ಲ. ಹೋಗಬಾರದ ಜಾಗವೆಂದು ನನಗೆ ತಾನಾಗಿ ತಿಳಿದು ನಾನು ಜೇಜಿಯ ಹತ್ತಿರ ಕೂರುತ್ತಿದ್ದೆ.

ನಾನು ಮುಂದೆ ಇಂಗ್ಲಿಷ್ ಲೆಕ್ಚರರ್ ಆದೆ. ಚಳ್ಳಕೆರೆಯಲ್ಲೇ ಮನೆ ಮಾಡಿಕೊಂಡೆ. ರಿಟೈರ್ ಆಗಿ ಎಷ್ಟೋ ವರ್ಷದ ಮೇಲೆ, ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿಗೆ ಕೆಲಸಕ್ಕೆ ಹೋಗುವ ಪಕ್ಕದ ಮನೆಯ ಹುಡುಗಿ ನನ್ನ ಟ್ಯಾಬ್ಲೆಟ್ಟಿನಲ್ಲಿ ಮೊದಲ ವರ್ಷದ ಅಸ್ಟ್ರಾನಮಿ ಕೋರ್ಸೊಂದಕ್ಕೆ ಹೆಸರು ಹಾಕಿಕೊಟ್ಟಳು. ಅದನ್ನು ಹೇಳಲು ಅತ್ತೆಯ ಹತ್ತಿರ ಹೋದೆ. ಜೇಜಿ, ಅಪ್ಪ, ಅವ್ವ ಯಾರೂ ಇರಲಿಲ್ಲ ಆಗ. ಅತ್ತೆ ರಾಂಪುರದಲ್ಲಿ ಶಾಲೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆ ಹಿಡಿದಿದ್ದಳು. ಎಂಬತ್ತು ದಾಟಿತ್ತು. ಬೆನ್ನು ಬಾಗಿತ್ತು, ಕಿವಿ ಚುರುಕಾಗಿತ್ತು. ನವಣೆ ಅನ್ನ, ಹುಣಸೆ ಸಾರು ಮಾಡಿ ಬಡಿಸಿದಳು. ನಾನು ಟ್ಯಾಬ್ಲೆಟ್ ತೆಗೆದು ಗ್ಯಾಲಕ್ಸಿಗಳ ಬಣ್ಣದ ಫೋಟೋಗಳನ್ನು ತೋರಿಸಿದೆ. ಒಂದೊಂದನ್ನೂ ಕಣ್ಣಿನ ಹತ್ತಿರ ತಂದು ನೋಡಿದಳು.

"ಪರೀಕ್ಷೆ ಐತಾ ಇದಕ್ಕೆ?"

"ಐತೆ ಅತ್ತೆ. ಮನೆಯಾಗೇ ಕೂತು ಬರೆಯೋದು."

"ಫೇಲಾದ್ರೆ?"

"ಎಷ್ಟು ಸಲ ಬೇಕಾದ್ರೂ ಮತ್ತೆ ಬರೀಬಹುದು."

"ಅಂಗಾದ್ರೆ ಅದೆಂಥ ಪರೀಕ್ಷೆ," ಎಂದು ನಕ್ಕಳು. "ಹೊಟ್ಟೆಯಾಗೆ ಭಯನೇ ಇಲ್ಲದ್ದು."

ಮಧ್ಯಾಹ್ನ ಇನ್ನೂ ಉಳಿದಿತ್ತು, ಬಹಳ ಮಾತಾಡಬೇಕೆಂದು ಹೋಗಿದ್ದೆ. ಅಷ್ಟರಲ್ಲಿ ಒಂಬತ್ತನೆಯ ಕ್ಲಾಸಿನ ಒಬ್ಬಳು ಹುಡುಗಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮಿಸ್ ಎಂದು ಒಳಗೆ ಬಂದಳು. ಅತ್ತೆ ಚಾಪೆಯ ಮೇಲೆ ಜಾಗ ಮಾಡಿದಳು. ಹುಡುಗಿ ನೋಟ್‌ಬುಕ್ಕು ತೆಗೆದು ತನಗೆ ತಿಳಿಯದ ಲೆಕ್ಕ ತೋರಿಸಿದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು, ಎಲ್ಲಿ, ಮೊದಲಿಂದ ಹೇಳು ನೋಡಾನ ಎಂದಳು. ಆಮೇಲೆ ಅವಳಿಗೆ ನಾನು ಇರುವುದು ಮರೆತಂತಾಯಿತು. ನಾನು ಸ್ವಲ್ಪ ಹೊತ್ತು ಕಾದು, ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದೆ.

"ಬರ್ತೀನಿ ಅತ್ತೆ."

"ಹೋಗ್ತೀಯಾ? ಹೋಗ್ಬಾ. ಇವಳದು ಇನ್ನೂ ಎರಡು ಲೆಕ್ಕ ಐತೆ."

ನಾನು ಚಪ್ಪಲಿ ಮೆಟ್ಟಿಕೊಂಡು ತಿರುಗಿ ನೋಡುವಷ್ಟರಲ್ಲಿ ಅವಳ ತಲೆ ಆಗಲೇ ನೋಟ್‌ಬುಕ್ಕಿನ ಮೇಲೆ ಬಗ್ಗಿತ್ತು.